ಮುಖಪುಟವು ಯಾರನ್ನು ಕರೆಯುತ್ತದೆ?

ಪತ್ರಿಕೆಯ ಮುಖಪುಟವು ಕೇವಲ ಅಲಂಕಾರವಲ್ಲ. ಉದ್ದೇಶಿತ ಓದುಗನಿಗೆ ನೀಡುವ ಆಹ್ವಾನ. ರೀಡರ್ಸ್ ಡೈಜೆಸ್ಟ್ ದಶಕಗಳ ಕಾಲ ಲೇಖನಗಳ ಪಟ್ಟಿಯನ್ನೇ ಮುಖಪುಟದಲ್ಲಿ ಮುದ್ರಿಸಿ ಜ್ಞಾನಾಸಕ್ತರನ್ನು ಸೆಳೆಯಿತು. 1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆಯು ಜಾಹೀರಾತುಗಳನ್ನು ನೆಚ್ಚದೆ, ಮೊನಚಾದ ಶೀರ್ಷಿಕೆಗಳಿಂದ ರಾಜಕೀಯ ಪ್ರಜ್ಞೆಯುಳ್ಳವರನ್ನು ತಲುಪಿತು. ಇವೆರಡೂ ನಂಬಿದ್ದು ಅಕ್ಷರ ಬಲ್ಲವರನ್ನು.

ಠಾಣೆಯ ಮಾಜಿವಾಡಾದಂತಹ ಬಡಾವಣೆಗಳ ಕನ್ನಡ ಮನೆಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಕನ್ನಡವನ್ನು ಆಡಬಲ್ಲ, ಆದರೆ ಓದಲಾರದ ಮಕ್ಕಳಿದ್ದಾರೆ. ಅವರ ಪಾಲಿಗೆ ಮುಖಪುಟವೇ ಇಡೀ ಪತ್ರಿಕೆ. ಮುಂಬಯಿ ಪರಿಸರದ ನಮ್ಮ ಪತ್ರಿಕೆಗಳು ಸನ್ಮಾನದ ಭಾವಚಿತ್ರಗಳನ್ನೇ ಅಲ್ಲಿ ಮೆರೆಸಿದರೆ, ಈಗಾಗಲೇ ಚಂದಾದಾರರಾದ ಹಿರಿಯರಷ್ಟೇ ಸಂತೋಷಪಟ್ಟಾರು. ಬದಲಾಗಿ, ಮನೆಮಾತಿನ ಒಂದು ಪದವನ್ನು ದಪ್ಪಕ್ಷರದಲ್ಲಿ, ಅದರ ಚಿತ್ರದೊಡನೆ ಮುದ್ರಿಸಬೇಕು. ಒಂದು ಪದದಿಂದ ಭಾಷೆ ಬಾರದು, ನಿಜ. ಆದರೆ ಬಲ್ಲ ಮಾತಿಗೆ ಲಿಪಿಯೊಂದಿದೆ ಎಂಬ ಅರಿವು ಮೂಡೀತು. ನಾಳಿನ ಓದುಗನು ಹುಟ್ಟುವುದು ಅಲ್ಲಿಯೇ.