ಇನ್ಸುಲೇಟೆಡ್ ವಿದ್ಯುತ್ ತಂತಿ ಹಾಗೂ ಕೇಬಲ್‌ಗಳ ಸೀಮಾ ಸುಂಕ ವರ್ಗೀಕರಣ: ಆಮದುದಾರರ ಮಾಹಿತಿಗಾಗಿ

ಆಮದಾಗುವ ವಿದ್ಯುತ್ ತಂತಿ ಹಾಗೂ ಕೇಬಲ್‌ಗಳ ಮೇಲಿನ ಸುಂಕವನ್ನು ನಿರ್ಧರಿಸುವ ಮೊದಲ ಹಂತ ವರ್ಗೀಕರಣ. ಸೀಮಾ ಸುಂಕ ಕಾಯ್ದೆ, 1962ರ 17ನೇ ಕಲಮಿನಡಿ 2011ರಿಂದ ಸ್ವಯಂ ನಿರ್ಧರಣಾ ಪದ್ಧತಿಯು ಜಾರಿಯಲ್ಲಿದ್ದು, ಬಿಲ್ ಆಫ್ ಎಂಟ್ರಿಯಲ್ಲಿ ಸರಿಯಾದ ಸುಂಕ ಸಂಕೇತವನ್ನು ನಮೂದಿಸುವ ಹೊಣೆಯು ಆಮದುದಾರರದ್ದಾಗಿರುತ್ತದೆ. ಸರಬರಾಜುದಾರರ ಇನ್‌ವಾಯ್ಸ್‌ನಲ್ಲಿರುವ ಸಂಕೇತವನ್ನು ಹಾಗೆಯೇ ನಕಲು ಮಾಡುವುದರಿಂದ ಈ ಹೊಣೆ ತೀರುವುದಿಲ್ಲ.

ಶೀರ್ಷಿಕೆ 8544ರ ವ್ಯಾಪ್ತಿ

ಸೀಮಾ ಸುಂಕ ಪಟ್ಟಿ ಕಾಯ್ದೆ, 1975ರ ಮೊದಲನೆಯ ಅನುಸೂಚಿಯ 85ನೇ ಅಧ್ಯಾಯದಲ್ಲಿ ಈ ಶೀರ್ಷಿಕೆಯಿದೆ. ತಂತಿಗೆ ಅವಾಹಕ ಹೊದಿಕೆ ಇದೆಯೇ ಎಂಬುದು ಮೊದಲ ಪರೀಕ್ಷೆ. ಮೋಟಾರ್ ಸುತ್ತುವ ತಂತಿಯ ಮೇಲಿನ ತೆಳುವಾದ ಎನಾಮೆಲ್ ಲೇಪವೂ ಹೊದಿಕೆಯೆಂದೇ ಪರಿಗಣಿತವಾಗುತ್ತದೆ. ಹೊದಿಕೆಯಿಲ್ಲದ ತಾಮ್ರದ ತಂತಿಯು 7408ಕ್ಕೆ ಹಾಗೂ ಹೆಣೆದ ತಾಮ್ರದ ತಂತಿಯು 7413ಕ್ಕೆ ಸೇರುತ್ತದೆ. ಉಪಶೀರ್ಷಿಕೆಗಳು ಈ ಕೆಳಕಂಡಂತಿವೆ:

1. 8544 11 ಮತ್ತು 19: ಸುತ್ತುವ ತಂತಿ (ತಾಮ್ರ, ಇತರೆ).
2. 8544 20: ಕೊಯಾಕ್ಸಿಯಲ್ ಕೇಬಲ್.
3. 8544 30: ವಾಹನ, ವಿಮಾನ ಅಥವಾ ಹಡಗುಗಳಲ್ಲಿ ಬಳಸುವ ವೈರಿಂಗ್ ಸೆಟ್.
4. 8544 42 ಮತ್ತು 49: 1000 ವೋಲ್ಟ್ ಮೀರದ ಇತರ ವಾಹಕಗಳು (ಕನೆಕ್ಟರ್ ಸಹಿತ, ರಹಿತ).
5. 8544 60: 1000 ವೋಲ್ಟ್ ಮೀರಿದ ಇತರ ವಾಹಕಗಳು.
6. 8544 70: ಎಳೆಗಳಿಗೆ ಪ್ರತ್ಯೇಕ ಹೊದಿಕೆಯುಳ್ಳ ಆಪ್ಟಿಕಲ್ ಫೈಬರ್ ಕೇಬಲ್. ಪ್ರತ್ಯೇಕ ಹೊದಿಕೆ ಇಲ್ಲದವು 9001ಕ್ಕೆ ಸೇರುತ್ತವೆ.

ಹಿಂದೆ ಇದ್ದ 80 ವೋಲ್ಟ್‌ನ ವಿಭಜನೆಯನ್ನು 2007ರ ಪರಿಷ್ಕರಣೆಯಲ್ಲಿ ಕೈಬಿಡಲಾಯಿತು. ಆದುದರಿಂದ ಹಳೆಯ ದಾಖಲೆಗಳಲ್ಲಿ ಕಾಣುವ 8544 51 ಹಾಗೂ 59 ಈಗ ಊರ್ಜಿತವಲ್ಲ. ಭಾರತದಲ್ಲಿ 1100 ವೋಲ್ಟ್ ಎಂಬ ಮುದ್ರೆಯುಳ್ಳ ಕೇಬಲ್‌ಗಳು ಸಾಮಾನ್ಯ. ಸುಂಕ ಪಟ್ಟಿಯ ಗಡಿಯಾದರೋ 1000 ವೋಲ್ಟ್. ಕೇಬಲ್ ಮೇಲಿನ ಮುದ್ರೆ, ತಾಂತ್ರಿಕ ವಿವರಪತ್ರ ಹಾಗೂ ಘೋಷಣೆ ಇವು ಮೂರೂ ಹೊಂದಿಕೆಯಾಗುವಂತೆ ಎಚ್ಚರ ವಹಿಸತಕ್ಕದ್ದು.

ವಾಹನಗಳ ವೈರಿಂಗ್ ಸೆಟ್: ವಿವಾದದ ಹಿನ್ನೆಲೆ

ಕಾರಿನ ವೈರಿಂಗ್ ಸೆಟ್ ಕಾರಿಗಲ್ಲದೆ ಬೇರೆಡೆ ಉಪಯೋಗಕ್ಕೆ ಬಾರದು. ಆದ್ದರಿಂದ ಅದು ಮೋಟಾರು ವಾಹನದ ಬಿಡಿಭಾಗವೆಂದು 8708ಕ್ಕೆ ಸೇರಬೇಕೆಂಬ ವಾದವು ಮೇಲ್ನೋಟಕ್ಕೆ ಸಹಜವೆನಿಸುತ್ತದೆ. ಆದರೆ 17ನೇ ವಿಭಾಗದ ಟಿಪ್ಪಣಿ 2(ಎಫ್) 85ನೇ ಅಧ್ಯಾಯದ ವಿದ್ಯುತ್ ಉಪಕರಣಗಳನ್ನು ‘ಬಿಡಿಭಾಗ’ಗಳ ವ್ಯಾಪ್ತಿಯಿಂದ ಹೊರಗಿಡುತ್ತದೆ. ಅಲ್ಲದೆ, 8544 30 ಇಂತಹ ಸೆಟ್‌ಗಳನ್ನು ಹೆಸರಿಸಿಯೇ ಹೇಳುತ್ತದೆ.

ರೈಲ್ವೆ ಸಿಗ್ನಲ್ ರಿಲೇಗಳ ಪ್ರಕರಣದಲ್ಲಿ (ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್) ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್‌ನಲ್ಲಿ ಪ್ರಧಾನ ಬಳಕೆಯ ತತ್ವಕ್ಕೆ ಮಹತ್ವ ನೀಡಿತು. ತರುವಾಯ ಇತರ ವಿದ್ಯುತ್ ಭಾಗಗಳ ವರ್ಗೀಕರಣವೂ ಪ್ರಶ್ನೆಗೊಳಗಾಯಿತು. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾ ಸುಂಕ ಮಂಡಳಿಯು 2022ರ ಜನವರಿ 5ರ ಸೂಚನೆಯಲ್ಲಿ, ವಾಹನ ಭಾಗಗಳ ವರ್ಗೀಕರಣವನ್ನು ಆಯಾ ಪ್ರಕರಣದ ಸಂಗತಿಗಳು, ವಿಭಾಗ ಟಿಪ್ಪಣಿಗಳು ಹಾಗೂ ವಿವಿಧ ತೀರ್ಪುಗಳ ಬೆಳಕಿನಲ್ಲಿ ಪರಿಶೀಲಿಸುವಂತೆ ತಿಳಿಸಿತು.

ವಿವಾದದ ಹಿಂದೆ ಹಣದ ಪ್ರಶ್ನೆಯಿದೆ. 2017ರ ನವೆಂಬರ್‌ನಿಂದ 8544ರ ತಂತಿ ಮತ್ತು ಕೇಬಲ್‌ಗಳ ಮೇಲೆ ಶೇ. 18ರ ಜಿ.ಎಸ್.ಟಿ. ಇದ್ದರೆ, 8708ರ ಹೆಚ್ಚಿನ ಭಾಗಗಳ ಮೇಲೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ವಾಹನ ಭಾಗಗಳಿಗೂ ಶೇ. 18 ಅನ್ವಯವಾಗಿ ಈ ಅಂತರ ಮುಚ್ಚಿದೆ. ಆದರೆ ಆ ದಿನಾಂಕಕ್ಕೆ ಮುಂಚಿನ ಆಮದುಗಳಿಗೆ ಹಳೆಯ ದರವೇ ಅನ್ವಯ. ನೋಂದಾಯಿತ ವ್ಯಾಪಾರಿಯು ಜಿ.ಎಸ್.ಟಿ.ಯನ್ನು ನಿಯಮಾನುಸಾರ ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ಮೂಲ ಸೀಮಾ ಸುಂಕಕ್ಕೆ ಆ ಸೌಲಭ್ಯವಿಲ್ಲ. ಆದ್ದರಿಂದ ಸಣ್ಣ ಉದ್ದಿಮೆಗೆ ಸಂಕೇತದ ಪ್ರಶ್ನೆ ಇಂದಿಗೂ ಮುಖ್ಯವಾದುದೇ.

ತಪ್ಪು ವರ್ಗೀಕರಣದ ಪರಿಣಾಮ

ಕಡಿಮೆ ಪಾವತಿಯಾದ ಸುಂಕವನ್ನು 28ನೇ ಕಲಮಿನಡಿ ಎರಡು ವರ್ಷಗಳೊಳಗೆ, ಉದ್ದೇಶಪೂರ್ವಕ ತಪ್ಪು ಹೇಳಿಕೆ ಅಥವಾ ಸಂಗತಿ ಮರೆಮಾಚುವಿಕೆ ಇದ್ದಲ್ಲಿ ಐದು ವರ್ಷಗಳೊಳಗೆ, ಬಡ್ಡಿ ಸಹಿತ ಕೇಳಬಹುದಾಗಿದೆ. ಹೆಚ್ಚು ಪಾವತಿಸಿದವರ ಸ್ಥಿತಿಯೂ ಸುಲಭವಲ್ಲ. ನಿರ್ಧರಣೆಯು ಮೇಲ್ಮನವಿಯಲ್ಲಿ ಅಥವಾ ಕಾಯ್ದೆಯ ಇತರ ಉಪಬಂಧದಡಿ ಮಾರ್ಪಾಡಾಗದ ಹೊರತು ಮರುಪಾವತಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಐ.ಟಿ.ಸಿ. ಪ್ರಕರಣದಲ್ಲಿ ತೀರ್ಪಿತ್ತಿದೆ.

ಅರ್ಜಿದಾರರಿಗೆ ಲಭ್ಯವಿರುವ ಮಾರ್ಗಗಳು

1. ಆಮದಿಗೆ ಮುನ್ನ ಸಂದೇಹವಿದ್ದಲ್ಲಿ, ದೆಹಲಿ ಅಥವಾ ಮುಂಬಯಿಯ ಸೀಮಾ ಸುಂಕ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ 28ಎಚ್ ಕಲಮಿನಡಿ ಅರ್ಜಿ ಸಲ್ಲಿಸಬಹುದು.
2. ಅಧಿಕಾರಿಯ ಮರುನಿರ್ಧರಣೆಗೆ ಸಮ್ಮತಿ ಇಲ್ಲದಿದ್ದಲ್ಲಿ ಲಿಖಿತ ಒಪ್ಪಿಗೆ ನೀಡಬಾರದು. ಆಗ 15 ದಿನಗಳೊಳಗೆ ಸಕಾರಣ ಆದೇಶ ಹೊರಡಿಸಬೇಕಾಗುತ್ತದೆ.
3. ಆದೇಶ ತಲುಪಿದ 60 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ), ನಂತರ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಾಧಿಕರಣದ ಪೀಠವು ಬೆಂಗಳೂರಿನಲ್ಲಿಯೂ ಇದೆ.

ಸಮನ್ವಿತ ಪದ್ಧತಿಯ ಮುಂದಿನ ಅಂತರರಾಷ್ಟ್ರೀಯ ಪರಿಷ್ಕರಣೆಯು 2028ರ ಜನವರಿ 1ರಂದು ಜಾರಿಗೆ ಬರಲಿದೆ. ದೀರ್ಘಾವಧಿ ಖರೀದಿ ಒಪ್ಪಂದ ಮಾಡಿಕೊಳ್ಳುವವರು ಇದನ್ನು ಗಮನದಲ್ಲಿಡುವುದು ಸೂಕ್ತ. ಸುಂಕದ ದರ ಹಾಗೂ ವಿನಾಯಿತಿಗಳನ್ನು ಬಿಲ್ ಆಫ್ ಎಂಟ್ರಿ ಸಲ್ಲಿಸುವ ದಿನದಂದು ಊರ್ಜಿತವಿರುವ ಅಧಿಸೂಚನೆಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು.