ಸಂಬಳದ ಚೀಟಿ ನೋಡಿ ಕಿಡ್ನಿ ಕೇಳಬೇಡಿ

ಮನೆಯಲ್ಲಿ ಒಬ್ಬರ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಡಯಾಲಿಸಿಸ್ ಶುರುವಾದರೆ, ಕೆಲವೇ ವಾರಗಳಲ್ಲಿ ಸದ್ದಿಲ್ಲದೆ ಒಂದು ಲೆಕ್ಕಾಚಾರವೂ ಶುರುವಾಗುತ್ತದೆ. ಯಾರ ರಕ್ತದ ಗುಂಪು ಹೊಂದುತ್ತದೆ ಎಂದು ನೋಡುವ ಮೊದಲೇ, ಯಾರನ್ನು ಕೇಳಬಹುದು, ಯಾರನ್ನು ಕೇಳಬಾರದು ಎಂದು ತೀರ್ಮಾನವಾಗಿರುತ್ತದೆ. ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೌಕರಿ ಮಾಡುವ ನಮ್ಮಂಥ ಗಂಡಸರ ಹೆಸರು ಸಾಮಾನ್ಯವಾಗಿ ‘ಕೇಳಬಾರದವರ’ ಪಟ್ಟಿಯಲ್ಲಿರುತ್ತದೆ. ನಮ್ಮಿಂದ ದುಡ್ಡು ಬಂದರೆ ಸಾಕು. ಕಿಡ್ನಿ ಕೊಡುವುದು ಮನೆಯಲ್ಲಿರುವವರ ಪಾಲಿಗೆ ಬರುತ್ತದೆ.

ಧಾರವಾಡದಲ್ಲಿರುವ ನನ್ನ ಅಕ್ಕನಿಗೆ ಹೀಗಾದಾಗ ಭಾವನ ರಕ್ತದ ಗುಂಪು ಹೊಂದಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಉಳಿದವರು ನಾನು ಮತ್ತು ತಂಗಿ. ಪುಣೆಯಿಂದ ಫೋನ್ ಮಾಡಿ, ತಪಾಸಣೆಗೆ ಬರುತ್ತೇನೆ ಎಂದೆ. ಅದಕ್ಕೆ ಕಾಕಾ ಹೇಳಿದ್ದು ಇಷ್ಟು: “ನಿಂಗ ನೌಕರಿ ಐತಿ, ಮನಿ ಸಾಲ ಐತಿ. ನೀ ಯಾಕ? ತಂಗಿ ಹೆಂಗೂ ಮನ್ಯಾಗ ಇರ್ತಾಳಲ್ಲ.”

ಕಾಕಾನ ಮನಸ್ಸು ಕೆಟ್ಟದ್ದಲ್ಲ. ದುಡಿಯುವವನಿಗೆ ಏನಾದರೂ ಆದರೆ ಮನೆಯೇ ಕೂರುತ್ತದೆ ಎಂಬ ಅವರ ಭಯದಲ್ಲಿ ಅರ್ಥವೂ ಇದೆ. ಆದರೆ ತಂಗಿಗೆ ಇಬ್ಬರು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಅವಳು ಆರು ವಾರ ಕೊಡ ಎತ್ತದಿದ್ದರೆ ಆ ಮನೆ ಹೇಗೆ ನಡೆಯಬೇಕು ಎಂದು ಯಾರೂ ಕೇಳಲಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ರಜೆಯ ಲೆಕ್ಕವೂ ಇರುವುದಿಲ್ಲ.

ಇದು ನಮ್ಮೊಂದು ಮನೆಯ ಕಥೆಯಲ್ಲ. ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ತಾಯಿ, ಹೆಂಡತಿ, ಅಕ್ಕ-ತಂಗಿಯರು ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ಆ ಪ್ರೀತಿಗೆ ‘ಇಲ್ಲ’ ಎನ್ನುವ ಅವಕಾಶವಿತ್ತೇ ಎಂದು ಕೇಳಬೇಕಲ್ಲವೇ? ಈ ಅನುಮಾನ ಕಾನೂನಿಗೂ ಇದೆ. ದಾನಿ ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಗುರುತು ಮತ್ತು ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರನ್ನು ಬಿಟ್ಟು ಬೇರೊಬ್ಬರು ಖಚಿತಪಡಿಸಬೇಕು ಎಂದು 2014ರ ಅಂಗಾಂಗ ಕಸಿ ನಿಯಮಗಳೇ ಹೇಳುತ್ತವೆ.

ಕಿಡ್ನಿ ಯಾರು ಕೊಡಬೇಕು ಎಂಬುದನ್ನು ವೈದ್ಯರ ತಪಾಸಣೆ ಮತ್ತು ಕೊಡುವವರ ಮನಸ್ಸು ನಿರ್ಧರಿಸಬೇಕು. ಸಂಬಳದ ಚೀಟಿ ನಿರ್ಧರಿಸಬಾರದು. ಅಕ್ಕನಿಗೆ ಕೊನೆಗೆ ಕಿಡ್ನಿ ಕೊಟ್ಟವನು ನಾನು. ಈಗ ಎರಡು ವರ್ಷವಾಯಿತು. ಹಾಗಾಗಿ ದೂರದಲ್ಲಿರುವ ನೌಕರರು ಮುಂದಿಡುವ ಮೂರು ತೊಡಕುಗಳ ಬಗ್ಗೆ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಮೊದಲನೆಯದು, ಆರೋಗ್ಯದ ಭಯ. ಈಗ ಹೆಚ್ಚಾಗಿ ಲ್ಯಾಪ್ರೋಸ್ಕೋಪಿ ಮೂಲಕವೇ ಕಿಡ್ನಿ ತೆಗೆಯುತ್ತಾರೆ. ನಾಲ್ಕೈದು ದಿನ ಆಸ್ಪತ್ರೆ. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವಾದರೆ ನಾಲ್ಕರಿಂದ ಆರು ವಾರಗಳಲ್ಲಿ ಮರಳಬಹುದು. ಉಳಿದ ಕಿಡ್ನಿ ಕ್ರಮೇಣ ಹೆಚ್ಚು ಕೆಲಸ ಮಾಡಲು ಕಲಿತು, ಮೊದಲು ಎರಡೂ ಸೇರಿ ಮಾಡುತ್ತಿದ್ದುದರಲ್ಲಿ ಸುಮಾರು ಶೇ 70ರಷ್ಟನ್ನು ನಿಭಾಯಿಸುತ್ತದೆ. ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. ಶಸ್ತ್ರಚಿಕಿತ್ಸೆಯಲ್ಲಿ ಜೀವಕ್ಕೆ ಕುತ್ತು ಬರುವುದು ತೀರಾ ಅಪರೂಪ, ಆದರೂ ಇದೆ. ಮುಂದೆ ಕಿಡ್ನಿ ತೊಂದರೆ ಬರುವ ಸಾಧ್ಯತೆ ಅಷ್ಟೇ ಆರೋಗ್ಯವಂತರಾದ ಇತರರಿಗಿಂತ ತುಸು ಹೆಚ್ಚು. ಪ್ರತಿ ವರ್ಷ ಬಿ.ಪಿ, ಕ್ರಿಯಾಟಿನಿನ್, ಮೂತ್ರದಲ್ಲಿನ ಪ್ರೋಟೀನ್ ನೋಡಿಸಬೇಕು. ನೋವಿನ ಮಾತ್ರೆಯನ್ನು ಕೇಳದೆ ನುಂಗುವಂತಿಲ್ಲ. ಇದೆಲ್ಲ ತಿಳಿದ ಮೇಲೂ ಒಪ್ಪಿದರೆ ಅದು ಒಪ್ಪಿಗೆ.

ಎರಡನೆಯದು, ಕಾಗದಪತ್ರ. ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳು. ಅತ್ತಿಗೆ, ಮೈದುನ, ಚಿಕ್ಕಪ್ಪನ ಮಕ್ಕಳು ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಹತ್ತಿರದವರಾದರೂ ಸಂಬಂಧಕ್ಕೆ ದಾಖಲೆ ಬೇಕು. ನನ್ನ ಆಧಾರ್‌ನಲ್ಲಿ ಪುಣೆಯ ವಿಳಾಸ, ಅಕ್ಕನದರಲ್ಲಿ ಮದುವೆಯಾದ ಮೇಲಿನ ಅಡ್ಡಹೆಸರು. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ತೋರಿಸಲು ಕೈಹಿಡಿದದ್ದು ಶಾಲೆಯ ಹಳೆಯ ದಾಖಲೆಗಳು. ಊರಿನ ಟ್ರಂಕಿನಲ್ಲಿರುವ ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಹಳೆಯ ರೇಷನ್ ಕಾರ್ಡುಗಳನ್ನು ಹೊರಗಿರುವವರು ಇವತ್ತೇ ಹುಡುಕಿಡುವುದು ಒಳ್ಳೆಯದು.

ಮೂರನೆಯದು, ರಜೆ. ನನ್ನ ಮಟ್ಟಿಗೆ ಇದೇ ದೊಡ್ಡ ತೊಡಕು. ತಪಾಸಣೆಗೆಂದೇ ಮೂರು ಸಲ ರಾತ್ರಿ ಬಸ್ಸಿನಲ್ಲಿ ಬಂದು ಹೋದೆ. ಕಂಪನಿಯ ರಜೆ ಆ್ಯಪ್‌ನಲ್ಲಿ ಅನಾರೋಗ್ಯ, ಮದುವೆ, ಮಗು ಹುಟ್ಟಿದ್ದು ಎಲ್ಲಕ್ಕೂ ಒಂದೊಂದು ಸಾಲಿತ್ತು. ಅಂಗದಾನಕ್ಕೆ ಇರಲಿಲ್ಲ. ಗಳಿಕೆ ರಜೆ ಮುಗಿದ ಮೇಲೆ ಉಳಿದ ದಿನಗಳ ಸಂಬಳ ಕಡಿತವಾಯಿತು. ನಾನು ತಡೆದುಕೊಂಡೆ. ಗುತ್ತಿಗೆ ಕೆಲಸದಲ್ಲಿರುವವರು, ದಿನಗೂಲಿಯವರು ತಡೆದುಕೊಳ್ಳಲಾರರು. ‘ತಂಗಿ ಮನೆಯಲ್ಲಿದ್ದಾಳಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿಯೇ.

ಕೇಂದ್ರ ಸರ್ಕಾರ 2023ರಲ್ಲಿ ತನ್ನ ನೌಕರರಿಗೆ ಅಂಗದಾನ ಮಾಡಿದರೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಕೊಡುವ ಆದೇಶ ಹೊರಡಿಸಿತು. ಆಸ್ಪತ್ರೆಗೆ ಸೇರಿದ ದಿನದಿಂದ ಅದು ಸಿಗುತ್ತದೆ, ವೈದ್ಯರು ಹೇಳಿದರೆ ಒಂದು ವಾರ ಮೊದಲಿನಿಂದಲೂ. ಖಾಸಗಿ ಕಂಪನಿಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ. ಆದರೆ ಅದೇ ರಜೆಯನ್ನು ತಾವಾಗಿ ಕೊಡಲು ಅವುಗಳಿಗೆ ಅಡ್ಡಿಯೇನೂ ಇಲ್ಲ. ಸಾವಿರ ಜನರ ಕಂಪನಿಯಲ್ಲೂ ವರ್ಷಕ್ಕೆ ಒಬ್ಬ ದಾನಿ ಸಿಗುವುದು ಅಪರೂಪ. ಖರ್ಚು ಇಷ್ಟು ಕಡಿಮೆ ಇರುವಾಗ ಆ್ಯಪ್‌ನಲ್ಲಿ ಇನ್ನೊಂದು ಸಾಲು ಸೇರಿಸಲು ಹಿಂಜರಿಕೆ ಏಕೆ? ನಮ್ಮಲ್ಲಿ ಎಷ್ಟೋ ಜನ ಎಚ್‌ಆರ್ ವಿಭಾಗದಲ್ಲೇ ಇದ್ದೀರಿ, ಕೆಲವರು ಕಂಪನಿಗಳನ್ನೇ ನಡೆಸುತ್ತಿದ್ದೀರಿ. ಈ ಕೆಲಸ ನಿಮ್ಮ ಕೈಯಲ್ಲಿದೆ. ಕಂಪನಿಯ ಆರೋಗ್ಯ ವಿಮೆಯಲ್ಲಿ ದಾನಿಯ ತಪಾಸಣೆ ಮತ್ತು ನಂತರದ ಚಿಕಿತ್ಸೆಯ ಖರ್ಚು ಸೇರಿದೆಯೇ ಎಂದೂ ನೋಡಿ.

ಹಾಗಂತ ಎಲ್ಲ ಅಣ್ಣ-ತಮ್ಮಂದಿರೂ ಕಿಡ್ನಿ ಕೊಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಂಗಿಯ ಮೇಲಿದ್ದ ಒತ್ತಾಯವನ್ನು ತಮ್ಮನ ಮೇಲೆ ಹೊರಿಸಿದಂತಾಗುತ್ತದೆ. ಒಲ್ಲದವರು ವೈದ್ಯರನ್ನು ಒಬ್ಬರೇ ಭೇಟಿಯಾಗಿ ಹೇಳಬಹುದು. ‘ಇವರು ದಾನಕ್ಕೆ ಸೂಕ್ತರಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸಿ, ಒಳ್ಳೆಯ ವೈದ್ಯರು ಕಾರಣವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ರಕ್ತದ ಗುಂಪು ಹೊಂದದಿದ್ದರೆ ಇನ್ನೊಂದು ಕುಟುಂಬದ ಜೊತೆ ಅದಲು-ಬದಲು ದಾನಕ್ಕೆ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹೊಂದುವ ಜೋಡಿ ಬೇಗ ಸಿಗುವುದು ಕಷ್ಟ, ಆದರೂ ವಿಚಾರಿಸಬೇಕು. ಮೃತ ದಾನಿಗಳ ಅಂಗಕ್ಕಾಗಿ ‘ಜೀವಸಾರ್ಥಕತೆ’ಯಲ್ಲಿ ರೋಗಿಯ ಹೆಸರನ್ನೂ ನೋಂದಾಯಿಸಬೇಕು.

ನನ್ನ ಕೋರಿಕೆ ಇಷ್ಟೇ. ಊರಿನಿಂದ ಅಂಥ ಫೋನ್ ಬಂದಾಗ ‘ಎಷ್ಟು ಕಳಿಸಲಿ’ ಎಂದು ಕೇಳುವ ಜೊತೆಗೆ ‘ತಪಾಸಣೆಗೆ ಯಾವಾಗ ಬರಲಿ’ ಎಂದೂ ಕೇಳಿ. ತಪಾಸಣೆ ಮಾಡಿಸಿದರೆ ಕೊಡಲು ಒಪ್ಪಿದಂತಲ್ಲ, ಶಸ್ತ್ರಚಿಕಿತ್ಸೆಯ ದಿನದವರೆಗೂ ಹಿಂದೆ ಸರಿಯಬಹುದು. ನಿಮ್ಮ ಹೆಸರೂ ಪಟ್ಟಿಯಲ್ಲಿದ್ದರೆ ಮನೆಯಲ್ಲಿರುವ ಹೆಣ್ಣುಮಗಳೊಬ್ಬಳು ತನ್ನ ಮನಸ್ಸನ್ನು ನಿಜವಾಗಿ ಕೇಳಿಕೊಳ್ಳಲು ಸಮಯ ಸಿಗುತ್ತದೆ.