ಸಾರಕ್ಕಿ ಕೆರೆ ಏರಿಗೆ ಸಣ್ಣ ಲೋಡರ್ ಸಾಕು, ಆದರೆ ಸರಿಯಾಗಿ ಕೂರಿಸಿ

ಸಾರಕ್ಕಿ ಕೆರೆಯ ಒತ್ತುವರಿ ತೆರವಿಗೆ 2015ರ ಏಪ್ರಿಲ್‌ನಲ್ಲಿ ಜೆಸಿಬಿಗಳು ಸಾಲುಗಟ್ಟಿ ಬಂದದ್ದನ್ನು ಜೆ.ಪಿ. ನಗರ, ಜರಗನಹಳ್ಳಿಯ ಜನ ಮರೆತಿರಲಾರರು. ಎಂಬತ್ತು ಎಕರೆಗೂ ಮೀರಿದ ಕೆರೆಯಲ್ಲಿ ಮೂವತ್ತು ಎಕರೆಗೂ ಹೆಚ್ಚು ಕೈಬಿಟ್ಟು ಹೋಗಿತ್ತು. ಅದನ್ನು ಬಿಡಿಸಿಕೊಳ್ಳಲು ದೊಡ್ಡ ಯಂತ್ರವೇ ಬೇಕಿತ್ತು. ಬಿಡಿಸಿಕೊಂಡ ಕೆರೆಯನ್ನು ವರ್ಷವಿಡೀ ನೋಡಿಕೊಳ್ಳುವುದು ಬೇರೆಯೇ ಕೆಲಸ. ಏರಿಯ ಮೇಲೆ ಉದುರುವ ಎಲೆ, ಕತ್ತರಿಸಿ ಹಾಕಿದ ಕೊಂಬೆ, ದಡಕ್ಕೆ ಎಳೆದ ಜೊಂಡು, ಮಳೆನೀರಿನ ಕಾಲುವೆ ಬಾಯಲ್ಲಿ ಕಟ್ಟಿಕೊಳ್ಳುವ ಹೂಳು, ಸಸಿಗಳಿಗೆ ಸಾಗಿಸಬೇಕಾದ ಗೊಬ್ಬರ, ಇವೆಲ್ಲ ಪ್ರತಿ ವಾರದ ಹೊರೆ. ನಮ್ಮ ಕೆರೆ, ಪಾರ್ಕುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡೇ ದಾರಿ: ಒಂದೋ ಜೆಸಿಬಿ ಬಾಡಿಗೆಗೆ ಕರೆಸುವುದು, ಇಲ್ಲವೇ ಬಾಂಡ್ಲಿ ಕೊಟ್ಟು ಕೆಲಸಗಾರರ ತಲೆಯ ಮೇಲೆ ಹೊರಿಸುವುದು. ಇವೆರಡರ ನಡುವೆ ಮೂರನೆಯ ದಾರಿಯಿದೆ. ತೋಟಗಳಲ್ಲಿ ಓಡಾಡುವ ಮಿನಿ ಟ್ರ್ಯಾಕ್ಟರಿನ ಮುಂದೆ ಬಕೆಟ್ ಇರುವ ಲೋಡರ್ ಕೂರಿಸಿದರೆ ಈ ಕೆಲಸದ ಬಹುಪಾಲು ಸಲೀಸಾಗುತ್ತದೆ. ದಕ್ಷಿಣ ಬೆಂಗಳೂರಿನ ಕೆರೆ, ಪಾರ್ಕುಗಳಿಗೆ ಇಂಥ ಯಂತ್ರ ಬೇಕು ಎಂಬುದು ನನ್ನ ವಾದ. ಅದನ್ನು ಕೂರಿಸುವ ಕ್ರಮ ಸರಿಯಿಲ್ಲದಿದ್ದರೆ ಅದು ಬೇಡವೇ ಬೇಡ ಎಂಬುದೂ ಅದೇ ವಾದದ ಭಾಗ.

ಬೇಕು ಎನ್ನುವುದಕ್ಕೆ ಮೊದಲ ಕಾರಣ ಎಲೆ. ಜಯನಗರ, ಜೆ.ಪಿ. ನಗರ, ಬನಶಂಕರಿಯ ಸಾಲುಮರಗಳು ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸತೊಡಗಿದರೆ ಪಾರ್ಕಿನ ಮೂಲೆಗಳಲ್ಲಿ ಗುಡ್ಡೆ ಬೀಳುತ್ತದೆ, ಎತ್ತಿ ಸಾಗಿಸುವವರಿಲ್ಲದಿದ್ದರೆ ಆ ಗುಡ್ಡೆಗೆ ಬೆಂಕಿ ಬೀಳುತ್ತದೆ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು ಕಸದ ವಿಷಯದಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಉದ್ಯಾನದ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, ಸಾಧ್ಯವಾದಷ್ಟೂ ಉದ್ಯಾನದೊಳಗೇ ಸಂಸ್ಕರಿಸಬೇಕೆಂದು ಪಾಲಿಕೆಗಳಿಗೆ ಹೇಳಿದವು. ಒಳಗೇ ಸಂಸ್ಕರಿಸುವುದೆಂದರೆ ಎಲೆಯನ್ನು ಗುಂಡಿಗೆ ಸಾಗಿಸಬೇಕು, ಕೊಳೆಯುತ್ತಿರುವ ರಾಶಿಯನ್ನು ಆಗಾಗ ಮಗುಚಬೇಕು, ಆದ ಗೊಬ್ಬರವನ್ನು ಮತ್ತೆ ಗಿಡದ ಬುಡಕ್ಕೆ ಒಯ್ಯಬೇಕು. ನಿಯಮ ಬರೆದವರು ಈ ಎತ್ತುವ ಕೆಲಸವನ್ನು ಯಾರ ಬೆನ್ನಿಗೆ ಹಾಕುತ್ತಿದ್ದೇವೆಂದು ಹೇಳಲಿಲ್ಲ. ಅದು ಬಿದ್ದದ್ದು ಮಾಲಿಗಳ, ಪೌರಕಾರ್ಮಿಕರ ಬೆನ್ನಿಗೆ.

ಜೆಸಿಬಿ ಯಾಕೆ ಬೇಡ? ಬೆಂಗಳೂರಿನ ಬೀದಿಗಳಲ್ಲಿ ಕಾಣುವ, ಹಿಂದೆ ತೋಡುವ ಕೈ, ಮುಂದೆ ಬಕೆಟ್ ಇರುವ ಹಳದಿ ಯಂತ್ರದ ತೂಕ ಏಳು ಟನ್ನಿಗೂ ಹೆಚ್ಚು, ಅಗಲ ಎರಡು ಮೀಟರಿಗೂ ಹೆಚ್ಚು. ನಡೆದಾಡುವವರಿಗೆಂದು ಹಾಸಿದ ಇಂಟರ್‌ಲಾಕ್ ಇಟ್ಟಿಗೆ ಅದರ ಚಕ್ರದಡಿ ಕುಸಿಯುತ್ತದೆ, ಮರದ ಬುಡದ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು ಇಳಿಯದಂತಾಗುತ್ತದೆ, ಏರಿಯ ಅಂಚು ಸಡಿಲವಾಗುತ್ತದೆ. ಮಿನಿ ಟ್ರ್ಯಾಕ್ಟರಿನ ತೂಕ ಆರುನೂರರಿಂದ ಒಂಬೈನೂರು ಕೆಜಿ, ಅಗಲ ಒಂದು ಮೀಟರಿನ ಆಸುಪಾಸು, ಶಕ್ತಿ ಸುಮಾರು 18ರಿಂದ 27 ಎಚ್‌ಪಿ. ಅಡಿಕೆ, ದ್ರಾಕ್ಷಿ ಸಾಲುಗಳ ನಡುವೆ ನುಸುಳಲೆಂದೇ ಮಾಡಿದ್ದು ಅದು. ಈ ಬಗೆಯ ಯಂತ್ರಗಳಿಗೆ ಹೆಸರಾದ ವಿಎಸ್‌ಟಿ ಕಂಪನಿ 1967ರಲ್ಲಿ ಹುಟ್ಟಿದ್ದೇ ಬೆಂಗಳೂರಿನಲ್ಲಿ. ಹಾಗೆಂದು ಸಣ್ಣ ಯಂತ್ರ ಎಲ್ಲವನ್ನೂ ಮಾಡೀತು ಎಂದಲ್ಲ. ಕೆರೆಯ ಹೂಳೆತ್ತಲು ಹಿಟಾಚಿಯೇ ಬರಬೇಕು.

ಈಗ ಕೂರಿಸುವ ವಿಷಯಕ್ಕೆ ಬರೋಣ, ಏಕೆಂದರೆ ತಪ್ಪುಗಳೆಲ್ಲ ಆಗುವುದು ಅಲ್ಲೇ. ಹೊರಗಿನಿಂದ ನೋಡಿದವರಿಗೆ ಲೋಡರ್ ಎಂದರೆ ಎರಡು ತೋಳು, ಒಂದು ಬಕೆಟ್, ನಾಲ್ಕು ಸಿಲಿಂಡರ್. ವೆಲ್ಡಿಂಗ್ ಶಾಪಿನಲ್ಲಿ ಅಷ್ಟನ್ನು ಮಾಡಿಸಿ ಟ್ರ್ಯಾಕ್ಟರಿನ ಮೂತಿಗೆ ಬೋಲ್ಟ್ ಹಾಕಿದರೆ ಮುಗಿಯಿತು ಎನ್ನಿಸುತ್ತದೆ. ಸುಮಾರು 150 ಲೀಟರ್ ಹಿಡಿಯುವ ಸಣ್ಣ ಬಕೆಟನ್ನೇ ತೆಗೆದುಕೊಳ್ಳಿ. ಅದರ ತುಂಬ ಒಣ ಎಲೆ ತುಂಬಿದರೆ ಹತ್ತು ಹದಿನೈದು ಕೆಜಿ. ಹಸಿ ಗೊಬ್ಬರ ತುಂಬಿದರೆ ನೂರರ ಹತ್ತಿರ. ಕಾಲುವೆಯ ಹಸಿ ಹೂಳು ತುಂಬಿದರೆ 250 ಕೆಜಿ. ಎಲೆ ಎತ್ತುವಾಗ ಸಾಧುವಾಗಿದ್ದ ಯಂತ್ರ ಹೂಳು ಎತ್ತುವ ದಿನ ಬೇರೆಯೇ ಆಗುತ್ತದೆ. 800 ಕೆಜಿಯ ಟ್ರ್ಯಾಕ್ಟರ್, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 1.4 ಮೀಟರ್, ಬಕೆಟ್ಟಿನ ಭಾರ ಮುಂದಿನ ಅಚ್ಚಿನಿಂದ ಒಂದು ಮೀಟರ್ ಆಚೆ ಎಂದಿಟ್ಟುಕೊಳ್ಳಿ. ಖಾಲಿಯಿದ್ದಾಗ ಮುಂದಿನ ಅಚ್ಚಿನ ಮೇಲೆ 320 ಕೆಜಿ ಇದ್ದರೆ ಹೂಳು ತುಂಬಿದಾಗ ಅದು ಸುಮಾರು 750 ಆಗುತ್ತದೆ, ಹಿಂದಿನ ಚಕ್ರಗಳ ಮೇಲಿಂದ ಸುಮಾರು 180 ಕೆಜಿ ಎದ್ದುಹೋಗುತ್ತದೆ. ಲೋಡರಿನ ಸ್ವಂತ ತೂಕ ಇನ್ನೂ ಬೇರೆ. ಎಳೆಯುವುದೂ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರಗಳೇ ಆದ ಟ್ರ್ಯಾಕ್ಟರಿನಲ್ಲಿ ಅವು ಹಗುರಾದರೆ ಇಳಿಜಾರಿನಲ್ಲಿ ನಿಲ್ಲಿಸುವುದು ಹೇಗೆ? ತಕ್ಕಡಿಯ ಇನ್ನೊಂದು ತಟ್ಟೆಗೂ ಕಲ್ಲು ಹಾಕಲೇಬೇಕು. ಸಲಕರಣೆ ಕಟ್ಟಲೆಂದು ಟ್ರ್ಯಾಕ್ಟರಿನ ಹಿಂದಿರುವ ಮೂರು ಕೊಂಡಿಗೆ, ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರ್ ಹಿಂದಕ್ಕೆ 150 ಕೆಜಿ ಕಾಂಕ್ರೀಟ್ ಭಾರ ತೂಗಿದರೆ ಹಿಂದಿನ ಚಕ್ರಗಳಿಗೆ ಸುಮಾರು 236 ಕೆಜಿ ಮರಳಿ ಬರುತ್ತದೆ, ಮುಂದಿನ ಅಚ್ಚಿನಿಂದ ಸುಮಾರು 86 ಕೆಜಿ ಇಳಿಯುತ್ತದೆ. ಬಕೆಟ್ಟಿನ ಜೊತೆ ಈ ಹಿಂಭಾರ ಬರದಿದ್ದರೆ ಆ ಲೋಡರ್ ಅರ್ಧ ಯಂತ್ರ.

ಕಣ್ಣಿಗೆ ಕಾಣದ ಇನ್ನೆರಡು ಸಂಗತಿಗಳಿವೆ. ಲಾರಿಗಿರುವಂತೆ ಸಣ್ಣ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಚಾಸಿಸ್ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್‌ಗಳ ಎರಕದ ಕವಚಗಳನ್ನೇ ಒಂದಕ್ಕೊಂದು ಬೋಲ್ಟ್ ಮಾಡಿ ಬೆನ್ನೆಲುಬು ಮಾಡಿರುತ್ತಾರೆ. ಲೋಡರನ್ನು ಮುಂದಿನ ಬೋಲ್ಟುಗಳಿಗಷ್ಟೇ ಕಟ್ಟಿದರೆ ಪ್ರತಿ ಎತ್ತುವಿಕೆಯಲ್ಲೂ ಆ ಕೀಲುಗಳು ಬಾಗುತ್ತವೆ, ಎರಕದ ಕಬ್ಬಿಣ ಬಾಗುವುದಕ್ಕಿಂತ ಸೀಳುವುದೇ ಹೆಚ್ಚು. ಆದ್ದರಿಂದ ಎರಡೂ ಪಕ್ಕ ಹಿಂದಿನ ಅಚ್ಚಿನವರೆಗೆ ಹೋಗುವ ಸಬ್‌ಫ್ರೇಮ್ ಬೇಕು. ಎರಡನೆಯದು, ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುತ್ತದೆ. ಉಬ್ಬುತಗ್ಗಿಗೆ ಹೊಂದಿಕೊಳ್ಳಲೆಂದು ಕೊಟ್ಟ ಅನುಕೂಲ ಅದು. ಅದರಿಂದಾಗಿಯೇ ಭಾರವೆಲ್ಲ ಮುಂದೆ ಸರಿದಾಗ ಟ್ರ್ಯಾಕ್ಟರ್ ಪಕ್ಕಕ್ಕೆ ಉರುಳುವುದು ಸುಲಭವಾಗುತ್ತದೆ. ಬಕೆಟ್ ಮೇಲೆತ್ತಿಕೊಂಡು ಏರಿಯ ಅಡ್ಡ ಇಳಿಜಾರಿನಲ್ಲಿ ತಿರುಗುವುದಕ್ಕಿಂತ ಅಪಾಯದ ಕೆಲಸ ಈ ಯಂತ್ರದಲ್ಲಿ ಇನ್ನೊಂದಿಲ್ಲ. ಚಾಲಕನ ತಲೆಯ ಮೇಲೆ ಉರುಳು ರಕ್ಷಣೆಯ ಕಮಾನು, ಸೊಂಟಕ್ಕೆ ಬೆಲ್ಟ್ ಎರಡೂ ಇರಬೇಕು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ ಈ ರಕ್ಷಣೆಯನ್ನು 1959ರಲ್ಲೇ ಕಡ್ಡಾಯ ಮಾಡಿತು, ಉರುಳಿ ಸಾಯುವವರ ಸಂಖ್ಯೆ ಅಲ್ಲಿ ಇಳಿಯುತ್ತಾ ಬಂತು. ನಮ್ಮ ಬಹುತೇಕ ಮಿನಿ ಟ್ರ್ಯಾಕ್ಟರುಗಳ ಸೀಟಿನ ಮೇಲೆ ಇಂದಿಗೂ ಆಕಾಶವೇ ಚಾವಣಿ.

ಯಂತ್ರ ಬಂದರೆ ಮಾಲಿಗಳ ಕೂಲಿ ಹೋಗುತ್ತದೆ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಗಿಡದ ಸಂದುಗಳಿಂದ ಎಲೆ ಬಳಿಯುವುದು, ಪ್ಲಾಸ್ಟಿಕ್ ಆರಿಸುವುದು, ಸಸಿ ನೆಡುವುದು ಕೈಯಿಂದಲೇ ಆಗಬೇಕು. ಲೋಡರ್ ಕಿತ್ತುಕೊಳ್ಳುವುದು ಹೊರುವ ಕೆಲಸವನ್ನು, ಬೆನ್ನು ಮುರಿಯುವುದೂ ಅದೇ. ಈಗಿರುವ ಮಾಲಿಗಳಲ್ಲೇ ಒಬ್ಬರಿಗೋ ಇಬ್ಬರಿಗೋ ತರಬೇತಿ ಕೊಟ್ಟು ಚಾಲಕರನ್ನಾಗಿ ಮಾಡಬೇಕೆಂಬ ಷರತ್ತನ್ನು ಪಾಲಿಕೆ ಹಾಕಿದರೆ ಕೂಲಿ ಹೆಚ್ಚುವುದೇ ಹೊರತು ಇಳಿಯದು. ಒಂದು ಪಾರ್ಕಿಗೆ ಒಂದು ಯಂತ್ರ ದುಬಾರಿ ಎನ್ನುವವರ ಮಾತು ಸರಿ. ಸಾರಕ್ಕಿ ಕೆರೆ, ಪುಟ್ಟೇನಹಳ್ಳಿ ಕೆರೆ, ಜೆ.ಪಿ. ನಗರದ ಮಿನಿ ಫಾರೆಸ್ಟ್, ಸುತ್ತಲಿನ ಪಾರ್ಕುಗಳು ಸೇರಿ ಒಂದು ಯಂತ್ರ ಹಂಚಿಕೊಳ್ಳಬಹುದು. ರೈತರಿಗಾಗಿ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ನಡೆಸಿ ಅನುಭವವಿರುವ ರಾಜ್ಯ ನಮ್ಮದು. ನಗರಕ್ಕೆ ಅದು ಹೊಸ ಪಾಠವಲ್ಲ. ಲೋಡರ್ ಬಿಚ್ಚಿಟ್ಟ ದಿನ ಅದೇ ಟ್ರ್ಯಾಕ್ಟರ್ ನೀರಿನ ಟ್ಯಾಂಕರ್ ಎಳೆಯುತ್ತದೆ, ಎಂಜಿನ್ನಿನ ಶಕ್ತಿಯನ್ನು ಬೇರೆ ಸಲಕರಣೆಗೆ ದಾಟಿಸುವ ಪಿ.ಟಿ.ಒ. ದಂಡದಿಂದ ಕೊಂಬೆ ಚೂರು ಮಾಡುವ ಯಂತ್ರವನ್ನು ತಿರುಗಿಸುತ್ತದೆ. ಇನ್ನು, ಕೆರೆಯಂಗಳದಲ್ಲಿ ಯಂತ್ರ ಓಡಾಡಿದರೆ ಹಕ್ಕಿಗಳಿಗೆ ತೊಂದರೆ ಎಂಬುದು ನಿಜ. ಅದಕ್ಕೆ ಯಂತ್ರವನ್ನು ದಾರಿ ಮತ್ತು ಗೊಬ್ಬರದ ಅಂಗಳಕ್ಕೆ ಸೀಮಿತಗೊಳಿಸಿ, ಜೊಂಡಿನ ಕಡೆ ಬಿಡಬಾರದು.

ಉಳಿದದ್ದು ಅತಿ ಜೋರಾಗಿ ಕೇಳಿಬರುವ ಆಕ್ಷೇಪ: ಲೋಕಲ್ ಆಗಿ ಮಾಡಿಸಿದರೆ ಅರ್ಧ ಬೆಲೆಗೆ ಆಗುತ್ತದಲ್ಲ? ನಮ್ಮ ವೆಲ್ಡರುಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಅಚ್ಚು ತಡೆಯುವ ಭಾರ, ಹೈಡ್ರಾಲಿಕ್ ಪಂಪಿನ ಒತ್ತಡ, ಆ ಒತ್ತಡ ಮೀರದಂತೆ ತಡೆಯುವ ರಿಲೀಫ್ ವಾಲ್ವಿನ ಮಿತಿ ಇವುಗಳ ಲೆಕ್ಕವಿರುವುದು ಟ್ರ್ಯಾಕ್ಟರ್ ತಯಾರಿಸಿದವರ ಬಳಿ. ತಯಾರಕರ ವಿವರಕ್ಕೆ ಹೊರತಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ನಿರ್ಬಂಧಿಸುತ್ತದೆ. ಹಾಗಾಗಿ ಈ ಭಾಗದ ಪಾಲಿಕೆ ಟೆಂಡರ್ ಕರೆಯುವುದಾದರೆ ಟ್ರ್ಯಾಕ್ಟರಿಗೊಂದು, ಬಕೆಟ್ಟಿಗೊಂದು ಎಂದು ಬಿಡಿಬಿಡಿಯಾಗಿ ಕರೆಯಬಾರದು. ತಯಾರಕರು ಒಪ್ಪಿದ ಲೋಡರ್, ಹಿಂದಿನ ಅಚ್ಚಿನವರೆಗಿನ ಸಬ್‌ಫ್ರೇಮ್, ಹಿಂಭಾರ, ರಕ್ಷಣಾ ಕಮಾನು, ಚಾಲಕನ ತರಬೇತಿ ಎಲ್ಲ ಸೇರಿ ಒಂದೇ ಯಂತ್ರವೆಂದು ಕೊಳ್ಳಬೇಕು, ಎತ್ತಬಹುದಾದ ಗರಿಷ್ಠ ಭಾರವನ್ನು ಕನ್ನಡದಲ್ಲಿ ಲೋಡರಿನ ತೋಳಿನ ಮೇಲೆಯೇ ಬರೆಸಬೇಕು. ಹಣ ಸಾಲದೆ ಇವುಗಳಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಖರೀದಿಯನ್ನೇ ಮುಂದಿನ ವರ್ಷಕ್ಕೆ ಹಾಕಲಿ. ಕೆರೆ, ಪಾರ್ಕುಗಳ ನಾಗರಿಕ ಗುಂಪುಗಳು ಮುಂದಿನ ಸಭೆಯಲ್ಲಿ ಅಧಿಕಾರಿಗಳನ್ನು ಬಕೆಟ್ ಎಷ್ಟು ದೊಡ್ಡದು ಎಂದು ಕೇಳುವ ಮೊದಲು ಹಿಂಭಾರ ಎಷ್ಟು ಕೆಜಿ ಎಂದು ಕೇಳಲಿ.